ಒಂದೇ ವಾಯುಗುಣ, ನಾಲ್ಕು ಬಗೆಯ ನೆಲೆಗಳು

ಹವಾಮಾನ, ವಾಯುಗುಣ ಎಂಬ ಎರಡು ಶಬ್ದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಾಗಿದೆ. ದಿನದಿನದ ಮಳೆ, ಬಿಸಿಲು, ಗಾಳಿಗಳ ಸ್ಥಿತಿಯು ಹವಾಮಾನ. ಹಲವು ದಶಕಗಳ ಹವಾಮಾನದ ಸರಾಸರಿಯೇ ವಾಯುಗುಣ. ಒಂದು ವರ್ಷದ ಬರವನ್ನು ಕಂಡ ಮಾತ್ರಕ್ಕೆ ವಾಯುಗುಣವೇ ಬದಲಾಯಿತೆನ್ನಲಾಗದು. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆಯು ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಒಂದು ಡಿಗ್ರಿ ಏರಿದರೆ ಗಾಳಿಯು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಧರಿಸಬಲ್ಲುದು. ಆದಕಾರಣ ಒಣದಿನಗಳಲ್ಲಿ ನೆಲದ ತೇವ ಬೇಗ ಆರುತ್ತದೆ. ಸುರಿದಾಗ ಮಳೆ ಬಿರುಸಾಗುತ್ತದೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೂ ಮಳೆಗಾಲದ ಹೊಳೆಯೇ. 2011ರ ಜನಗಣತಿಯಂತೆ ಜಿಲ್ಲೆಯ ಸುಮಾರು 12.5 ಲಕ್ಷ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕು ಹಳ್ಳಿಗಳಲ್ಲಿದ್ದರು. ಈ ಹಳ್ಳಿಗಳನ್ನು ಹಿಂದೆ ಪೊರೆದವು ಕೆರೆಗಳು. ಕೊಳವೆಬಾವಿ ಬಂದ ಮೇಲೆ ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಮುಚ್ಚಿದವು, ಅಂತರ್ಜಲ ಸಾವಿರ ಅಡಿಗೂ ಕೆಳಗಿಳಿಯಿತು. ಹಲವೆಡೆ ಮೇಲೆ ಬರುವ ನೀರಿನಲ್ಲಿ ಫ್ಲೋರೈಡ್ ಸೇರಿದೆ. ಇದಿಷ್ಟೂ ವಾಯುಗುಣದ ತಪ್ಪಲ್ಲ. ಮನುಷ್ಯನು ದುರ್ಬಲಗೊಳಿಸಿದ ನೆಲದ ಮೇಲೆ ವಾಯುಗುಣ ಎರಡನೆಯ ಪೆಟ್ಟನ್ನು ಕೊಡುತ್ತಿದೆ. ಸಾಲಮಾಡಿ ಕೊರೆಸಿದ ಬಾವಿ ಬತ್ತಿದರೆ ಸಣ್ಣ ಹಿಡುವಳಿದಾರನಿಗೆ ಉಳಿಯುವುದು ಸಾಲವೊಂದೇ.

ಶಿಡ್ಲಘಟ್ಟವು ರೇಷ್ಮೆಯ ಊರು. ಹಳ್ಳಿಯಲ್ಲಿ ಹುಳು ಸಾಕಣೆ, ಪಟ್ಟಣದಲ್ಲಿ ಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚಾಣಿಕೆ. ಹೀಗೆ ಇಲ್ಲಿ ಹಳ್ಳಿ-ಪಟ್ಟಣಗಳು ಒಂದೇ ಎಳೆಯಲ್ಲಿ ಕಟ್ಟಿಕೊಂಡಿವೆ. ರೇಷ್ಮೆಹುಳುವಿಗೆ 24ರಿಂದ 28 ಡಿಗ್ರಿಯ ಹವೆ ಹಿತ. ಸೆಕೆ ಮೀರಿದರೆ ಹುಳು ಸೊಪ್ಪು ಬಿಡುತ್ತದೆ, ರೋಗಗಳು ಹೆಚ್ಚುತ್ತವೆ, ಗೂಡು ಹಗುರವಾಗುತ್ತದೆ. ಆ ನಷ್ಟ ರೈತನ ಮನೆಯಲ್ಲಿ ನಿಲ್ಲದೆ, ಬಿಸಿನೀರಿನ ಬಾನಿಯೆದುರು ದಿನಗೂಲಿಗೆ ದುಡಿಯುವವರ ಒಲೆಯವರೆಗೂ ತಲಪುತ್ತದೆ.

ಚಿಂತಾಮಣಿಯು ವ್ಯಾಪಾರದ ಪಟ್ಟಣ. ಸುತ್ತಲ ಬಯಲಿನ ಟೊಮ್ಯಾಟೊ ಇಲ್ಲಿನ ಮಾರುಕಟ್ಟೆಗೆ ಬರುತ್ತದೆ. 2021ರ ನವೆಂಬರ್‌ನ ಅಕಾಲ ಮಳೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬೆಳೆ ಕೊಳೆತು, ಬೆಲೆ ಏರಿತು. ಬೆಲೆ ಏರಿದಾಗ ಬೆಳೆದವನ ಬಳಿ ಮಾರಲು ಹಣ್ಣಿರಲಿಲ್ಲ.

ಗೌರಿಬಿದನೂರು ಹೊಳೆಯ ದಡದ ಊರು. ಕಾರ್ಖಾನೆಗಳೂ ಇವೆ, ಮುಸುಕಿನ ಜೋಳದ ಹೊಲಗಳೂ ಇವೆ. ಬಹುಕಾಲ ಒಣಗಿದ್ದ ಉತ್ತರ ಪಿನಾಕಿನಿಯು ಅದೇ 2021ರಲ್ಲಿ ತುಂಬಿ ಹರಿಯಿತು. ನದಿ ಒಣಗಿದೆಯೆಂದು ಅದರ ಪಾತ್ರವನ್ನು ಮರೆಯಬಾರದೆಂಬುದೇ ಆ ಪ್ರವಾಹದ ಪಾಠ. ಎರಡೇ ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಜಿಲ್ಲಾಕೇಂದ್ರವಾದ ಚಿಕ್ಕಬಳ್ಳಾಪುರದ ಸ್ಥಿತಿ ಇನ್ನೊಂದು ಬಗೆ. ಕುಡಿಯುವ ನೀರಿಗೆ ಅದು ಜಕ್ಕಲಮಡುಗು ಜಲಾಶಯವನ್ನು ನೆಚ್ಚಿದೆ. ಬೆಂಗಳೂರಿನ ನೆರಳಿನಲ್ಲಿ ಬಡಾವಣೆಗಳು ಹಬ್ಬುತ್ತಿವೆ. ಕಾಂಕ್ರೀಟು ಹಾಸಿದ ನೆಲ ಹಗಲಿನ ಕಾವನ್ನು ರಾತ್ರಿಗೂ ಉಳಿಸುತ್ತದೆ. ಮಳೆನೀರನ್ನು ಇಂಗಿಸದೆ ತಗ್ಗಿನ ಮನೆಗಳಿಗೆ ನೂಕುತ್ತದೆ. ತಗ್ಗಿನಲ್ಲಿರುವವರು ಬಹುತೇಕ ಬಡವರು.

ಹೊರಗಿನ ನೀರೂ ಬಂದಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯಜಲವು ಜಿಲ್ಲೆಯ ಕೆರೆಗಳಿಗೆ ಹರಿದಿದೆ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆ ನ್ಯಾಯವಾದುದು. 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಗೊಂಡಿತು. ಆದರೆ ಹೂಳು ತುಂಬಿದ ಕೆರೆಗೆ ಎಷ್ಟು ದೂರದ ನೀರು ಬಂದರೂ ಅದು ಬಹುದಿನ ನಿಲ್ಲದು.

ರೇಷ್ಮೆಯ ಊರಿಗೆ ತಂಪಾದ ಸಾಕಣೆಮನೆ, ವ್ಯಾಪಾರದ ಊರಿಗೆ ಶೈತ್ಯಾಗಾರ, ಹೊಳೆದಡದ ಊರಿಗೆ ತೆರವಾದ ನದೀಪಾತ್ರ, ಬೆಳೆಯುವ ನಗರಕ್ಕೆ ತೆರೆದ ಕಾಲುವೆ, ಇವು ಬೇರೆ ಬೇರೆ ಮದ್ದುಗಳು. ಎಲ್ಲಕ್ಕೂ ಸಮಾನವಾದುದು ಕೆರೆಯ ರಕ್ಷಣೆ. ಶಾಲೆಯ ಮಕ್ಕಳು ಅಂಗಳದಲ್ಲೊಂದು ಮಳೆಮಾಪಕವನ್ನಿಟ್ಟು ದಿನದ ಮಳೆಯನ್ನು ಬರೆದಿಟ್ಟರೆ, ಮೂವತ್ತು ವರ್ಷಗಳ ಬಳಿಕ ಆ ಪುಸ್ತಕವೇ ಊರಿನ ವಾಯುಗುಣದ ಇತಿಹಾಸವಾದೀತು.