ಮಾಸ್ತರ ಪರದೇಶಕ್ಕ ಹೋಗೂದಿಲ್ಲ

ತಮ್ಮಾ, ನೀ ಶಾಣ್ಯಾ ಇದ್ದಿ, ಆದರ ಭಾಳ ಅವಸರದವ. ಕೊರಿಯಾದ ದೇಜಾನ್ ಊರಾಗ ಕಾಲೇಜಿಗೆ ಕಲಿಸೂ ಕೆಲಸ ಸಿಕ್ಕಿದ್ದ ತಡ, ದಪ್ಪನ ಕೋಟು ಖರೀದಿ ಆತು, ಬ್ಯಾಗು ತುಂಬಿದ್ದಾತು. ನಾಕು ವಿಡಿಯೋ ನೋಡಿ ಆ ದೇಶ ಎಲ್ಲಾ ತಿಳದವನಂಗ ಮಾತಾಡಾಕತ್ತಿ. ಹೆಂಡ್ತಿನ್ನ ಒಂದು ಮಾತು ಕೇಳೀಯೇನು?

ಮಾಸ್ತರ ಆದವ ಎಲ್ಲಿಗೆ ಹೋದರೂ ಪರದೇಶಕ್ಕ ಹೋಗೂದಿಲ್ಲ. ಅಲ್ಲೂ ಬೋರ್ಡ್ ಇರತೈತಿ, ಹಾಜರಿ ಇರತೈತಿ, ಹಿಂದಿನ ಬೆಂಚಿನ್ಯಾಗ ತೂಕಡಿಸೂ ಹುಡುಗ ಇರತಾನ. ನಮಸ್ಕಾರ ಮಾಡಾಕ ಮಂದಿ ಇರತಾರ. ಪರದೇಶ ಏನಿದ್ದರೂ ಮನ್ಯಾಗ ಉಳದಾಕಿಗೆ.

ನಾ ವಿಜಾಪುರದ ಕಡೆಯಾಕಿ, ಜ್ವಾಳದ ರೊಟ್ಟಿ ಉಂಡು ಬೆಳದಾಕಿ. ನಮ್ಮ ಮನಿಯವರಿಗೆ ಖಾನಾಪುರ ತಾಲೂಕಿನ ಕಣಕುಂಬಿ ಸಾಲಿಗೆ ವರ್ಗ ಆತು. ಮಲಪ್ರಭಾ ಹುಟ್ಟೂ ಊರು. ಮೃಗಶಿರಾ ಮಳಿ ಹಿಡಿತಂದ್ರ ಗಣಪತಿ ಹಬ್ಬದ ತನಕ ಬಿಸಲಿನ ಮಾರಿ ಕಾಣೂದಿಲ್ಲ. ಹಾಸಿಗಿಗೆ, ಚಪ್ಪಲಿಗೆ ಬೂಷ್ಟು. ಜ್ವಾಳದ ಹಿಟ್ಟು ಮುಗ್ಗಲು. ಅರಬಿ ಒಣಗಸಾಕ ಒಲಿ ಮ್ಯಾಲ ಹಗ್ಗ ಕಟ್ಟಬೇಕು. ಸುತ್ತಲಿನವರ ಮಾತು ಮರಾಠಿ, ಇಲ್ಲಾ ಕೊಂಕಣಿ. ಮನಿಯವರಿಗೆ ಊರೆಲ್ಲಾ "ಗುರೂಜಿ" ಅಂತ ಕೈ ಮುಗೀತಿತ್ತು. ನನಗ? ಮಾತಾಡಾಕ ಇದ್ದದ್ದು ಒಂದು ಆಕಳ.

ಒಂದು ದಿನ ಬಾಜೂ ಮನಿಯಾಕಿ ಒಳಗ ಬಂದು, ನಾ ಅಕ್ಕಿಹಿಟ್ಟಿನ ಭಾಕರಿ ಹರದುಕೊಂತ ಬಡಿಯೂದು ನೋಡಿ, ಕೈಯಾಗಿನ ಉಂಡಿ ಕಸಗೊಂಡು ಬೋಗಾಣಿಗೆ ಒಗದು "ಅಸಂ ನಾಯ್" ಅಂದಳು. ಕುದಿಯೂ ನೀರಾಗ ಹಿಟ್ಟು ಹಾಕಿ, ಮುಚ್ಚಿಟ್ಟು, ಬಿಸಿ ಇದ್ದಾಗ ನಾದಬೇಕಂತ. ಮರುದಿನನೂ ಬಂದಳು. ನಾ ಮರಾಠಿ ಕಲತದ್ದು ಆ ಹಂಚಿನ ಮುಂದ.

ಈಗ ನಿನ್ನ ವಿಷಯಕ್ಕ ಬಾ. ನಿನ್ನ ವೀಸಾ ಇ-1, ಕಾಲೇಜಿಗೆ ಕಲಿಸೂವರದ್ದು; ನಿನ್ನ ಹೆಂಡ್ತೀದು ಎಫ್-3, ಅವರ ಜೋಡಿ ಹೋಗೂ ಮನಿ ಮಂದೀದು. ಎಫ್-3 ಮ್ಯಾಲ ಹೋದಾಕಿ ಬ್ಯಾರೆ ಪರವಾನಗಿ ಇಲ್ಲದ ದುಡಿಯಾಂಗಿಲ್ಲ. ಇಲ್ಲಿ ಟಿಳಕವಾಡಿ ಸಾಲ್ಯಾಗ ಆಕಿ "ಟೀಚರ್, ಟೀಚರ್" ಅನಿಸಿಕೊಂಡಾಕಿ. ಅಲ್ಲಿ ಎತ್ತರದ ಫ್ಲ್ಯಾಟಿನ್ಯಾಗ ಕುಂತು ಲಿಫ್ಟಿನ ಸಪ್ಪಳ ಕೇಳಬೇಕು. ಮೊದಲ ಪಗಾರದಾಗ ದೊಡ್ಡ ಟೀವಿ ತರಬ್ಯಾಡ, ಆಕೀನ ಭಾಷಾ ಕ್ಲಾಸಿಗೆ ಹಚ್ಚು. ಹೊರಗಿನಿಂದ ಬಂದವರಿಗೆ ಅಲ್ಲಿಯ ಸರಕಾರನ ನಡಸತೈತಿ. ಲಿಪಿಗೆ ಅಂಜೂದೇನಿಲ್ಲ. ಸೇಜೊಂಗ್ ರಾಜ 1446ರಾಗ ಮಂದಿ ಕೈಗೆ ಕೊಟ್ಟದ್ದು. ವ್ಯಂಜನಕ್ಕ ಸ್ವರ ಕೂಡಿಸಿ ಬರಿಯೂದು. ಕಾಗುಣಿತ ಕಲಿಸಿದ ಕೈ ಆಕೀದು, ಲಗೂನ ಓದತಾಳ. ನೀ ಮಾತ್ರ "ನನಗ ಇಂಗ್ಲಿಷ್ ನಡಿತೈತಿ" ಅಂತ ಕಲಿಯೂದಿಲ್ಲ, ನನಗ ಗೊತ್ತೈತಿ.

ಇನ್ನ ನಿಮ್ಮ ಕೂಸು. ಅದರ ಸಾಲಿ ಅಲ್ಲಿ ಮಾರ್ಚದಾಗ ಸುರು. ಬಾಗಲದಾಗ ಬೂಟು ಕಳದು ಒಳಗಿನ ಚಪ್ಪಲಿ ಹಾಕೋಬೇಕು. ಅದನ್ನ ಕೂಸು ಒಂದ ದಿನದಾಗ ಕಲೀತೈತಿ. ಮಧ್ಯಾಹ್ನದ ಊಟ ಸಾಲ್ಯಾಗನ. ಕಿಮ್ಚಿ ಅಂದ್ರ ಕಾಯಿಪಲ್ಯಾ ಅಂತ ನಂಬಿ ಕುಂದರಬ್ಯಾಡ. ಉಪ್ಪು ಹಾಕಿದ ಸೀಗಡಿನೋ ಮೀನಿನ ರಸಾನೋ ಸಾಮಾನ್ಯಾಗಿ ಅದರಾಗ ಇರತೈತಿ. ಕೂಸು ಏನು ಉಣಬೇಕು, ಏನು ಬಿಡಬೇಕು ಅನ್ನೂದನ್ನ ಗಂಡಾ ಹೆಂಡ್ತಿ ಇಲ್ಲೇ ಕುಂತು ಬಗಿಹರಿಸಿಕೊಂಡು ಹೋಗ್ರಿ. ಅದರ ತಾಟಿನ ಮುಂದ ಜಗಳಾಡಬ್ಯಾಡ್ರಿ. ವರ್ಷ ತುಂಬೂದರೊಳಗ ಅದು ನಿಮಗಿಂತ ಛಲೋ ಕೊರಿಯನ್ ಮಾತಾಡತೈತಿ. ಹಂಗಂತ ದವಾಖಾನಿ, ಬ್ಯಾಂಕು ಎಲ್ಲಾ ಕಡೆ ಅದನ್ನ ಮುಂದ ಮಾಡಿ ನಿಲ್ಲಸಬ್ಯಾಡ. ಅಪ್ಪನ ಹೊಟ್ಟಿನೋವು ಡಾಕ್ಟರಿಗೆ ತಿಳಿಸಿ ಹೇಳೂದು ಕೂಸಿನ ಕೆಲಸ ಅಲ್ಲ.

ಕುಂದಾ ಕಟ್ಟಿಸಿ ಒಯ್ಯಾಕತ್ತಿಯಂತಲ್ಲ? ಒಯ್ಯಿ. ಆದರ ಕೂಸಿನ ಕ್ಲಾಸ್ ಟೀಚರಿಗೆ ಕೊಡಾಕ ಹೋಗಬ್ಯಾಡ. ಅಲ್ಲಿ 2016ರಾಗ ಕಾನೂನು ಬಂದೈತಿ, ಪಾಲಕರ ಕೈಯಿಂದ ಒಂದು ಕಪ್ ಕಾಫಿ ಸುದ್ಧಾ ತಗೊಳ್ಳಾಂಗಿಲ್ಲ. ಅವರ ಶಿಕ್ಷಕರ ದಿನ ಮೇ 15, ಅವತ್ತೂ ಇಲ್ಲ. ನಮ್ಮ ಕಡೆ ಇಂಥಾದ್ದು ತಂದಿದ್ರ ಎಷ್ಟು ಮಂದಿ ಮಾಸ್ತರ ಮಾರಿ ಸಣ್ಣದು ಆಗತಿತ್ತೋ! ಕುಂದಾ ಅಲ್ಲಿ ಎದುರ ಮನ್ಯಾಗ ಯಾರರೆ ಅಜ್ಜಿ ಇದ್ದರ ಆಕೀಗೆ ಕೊಡ್ರಿ, ಎರಡೂ ಕೈಲೆ. ಹಿರೇರಿಗೆ ಒಂದ ಕೈಲೆ ಕೊಟ್ಟರ ಅಲ್ಲಿ ಉದ್ಧಟತನ. ಕೊಡೂದು ನಿನ್ನ ಹೆಂಡ್ತಿ ಕೊಡಲಿ. ಆಕಿ ಖಾನಾಪುರದ ಹುಡುಗಿ, ಕುಂಬಾರಿಕಿ ಕಲಿಸೂ ಸಂಸ್ಥಾ ಇರೂ ಊರಾಗ ಗಡಿಗಿ ನೋಡಿಕೊಂತ ಬೆಳದಾಕಿ. ಕೊರಿಯಾದವರೂ ಕಿಮ್ಚಿ, ಸೋಯಾ ರಸ ಇಡಾಕ ಮಣ್ಣಿನ ಹರವಿ ಬಳಸಿಕೊಂತ ಬಂದವರು. ಆ ಅಜ್ಜಿಯ ಗ್ಯಾಲರಿಯಾಗ ಒಂದು ಹರವಿ ಕಂಡರ ಮಾತು ತಾನ ಸುರು ಆಗತೈತಿ. ನೀ ನಡುವ ಬಾಯಿ ಹಾಕಬ್ಯಾಡ.

ಇನ್ನ ಫೋನು. ಅವರ ಗಡಿಯಾರ ನಮಗಿಂತ ಮೂರೂವರಿ ತಾಸು ಮುಂದ. ನಿಮ್ಮವ್ವ ಇಲ್ಲಿ ಊಟ ಮುಗಿಸಿ ಒಂಬತ್ತಕ್ಕ ಹಚ್ಚಿದರ ನಿಮ್ಮಲ್ಲಿ ಹನ್ನೆರಡೂವರಿ ಆಗಿರತೈತಿ, ಕೂಸು ಏಳತೈತಿ. ನೀವ ಆಯಿತವಾರ ಮಧ್ಯಾಹ್ನ ಹಚ್ರಿ. ಹಚ್ಚಿದ ಕೂಡಲೇ ನಿನ್ನ ಕಾಲೇಜಿನ ಪುರಾಣ ಸುರು ಮಾಡಬ್ಯಾಡ, ಫೋನು ಮೊದಲ ಹೆಂಡ್ತಿ ಕೈಗೆ ಕೊಡು.