ಚರೆಕೋವಿಯ ಆಯ್ಕೆಯಲ್ಲಿ ಭೌತವಿಜ್ಞಾನ

ಶ್ರೀರಂಗಪಟ್ಟಣವೆಂದೊಡನೆ ಯುದ್ಧದ ರಾಕೆಟ್ಟುಗಳು ನೆನಪಿಗೆ ಬರುವುದು ಸಹಜ. ಅದೇ ಊರಿನಲ್ಲಿ ಬೇಟೆಯ ಕೋವಿಗಳೂ ತಯಾರಾಗುತ್ತಿದ್ದುವೆಂಬುದನ್ನು ಬಲ್ಲವರು ಕಡಿಮೆ. ಅಸದ್ ಖಾನ್ ಮಹಮ್ಮದ್ ಎಂಬ ಕುಶಲಕರ್ಮಿ 1793–94ರಲ್ಲಿ ಟೀಪೂ ಸುಲ್ತಾನನಿಗಾಗಿ ಮಾಡಿಕೊಟ್ಟ ಒಂದು ಚಕಮಕಿ ಕೋವಿ ಇಂಗ್ಲೆಂಡನ್ನು ಸೇರಿ ಇಂದಿಗೂ ಉಳಿದುಬಂದಿದೆ. ಅದರ ಉದ್ದ 138 ಸೆಂಟಿಮೀಟರ್, ಬೋರ್ 14, ಉದ್ದೇಶ ಹಕ್ಕಿಗಳ ಬೇಟೆ. ಟೀಪೂವಿನೊಡನೆ ಯುದ್ಧಮಾಡಿದ ಕಾರ್ನ್‌ವಾಲಿಸನಿಗೇ ಅದು ಕಾಣಿಕೆಯಾಗಿ ಸಂದದ್ದು ಚರಿತ್ರೆಯ ವಿನೋದಗಳಲ್ಲೊಂದು. 2023ರಲ್ಲಿ ಬ್ರಿಟಿಷ್ ಸರಕಾರವು ಅದರ ಬೆಲೆಯನ್ನು 20 ಲಕ್ಷ ಪೌಂಡುಗಳೆಂದು ಎಣಿಸಿ, ಅದು ಆ ದೇಶವನ್ನು ಬಿಟ್ಟು ಹೋಗದಂತೆ ಕೆಲವು ತಿಂಗಳ ಮಟ್ಟಿಗೆ ತಡೆಹಿಡಿಯಿತು.

ಚಿನ್ನ ಬೆಳ್ಳಿಗಳ ಅಲಂಕಾರಕ್ಕಿಂತ ವಿಜ್ಞಾನದ ವಿದ್ಯಾರ್ಥಿಯನ್ನು ಸೆಳೆಯುವ ಸಂಗತಿ ಬೇರೊಂದಿದೆ. ಆ ಕೋವಿಗೆ ಇರುವುದು ಒಂದೇ ನಳಿಗೆ. ಆದರೂ ಮತ್ತೆ ಮದ್ದು ತುಂಬದೆ ಅದರಿಂದ ಎರಡು ಈಡು ಹಾರಿಸಬಹುದಾಗಿತ್ತು. ನಳಿಗೆಯ ಬಾಯಿಂದಲೇ ಮದ್ದನ್ನೂ ಚರೆಯನ್ನೂ ಸುರಿದು, ಗಜದಿಂದ ಜಡಿದು, ಕಿವಿಯಲ್ಲಿ ಪುಡಿಮದ್ದನ್ನಿಟ್ಟು ಸಿದ್ಧಪಡಿಸಬೇಕಾಗಿದ್ದ ಕಾಲ ಅದು. ಮೊದಲ ಈಡು ತಪ್ಪಿದರೆ ಎರಡನೆಯದು ಸಿದ್ಧವಾಗುವ ವೇಳೆಗೆ ಕೌಜುಗ ಮುಂದಿನ ಹೊಲವನ್ನು ದಾಟಿರುತ್ತದೆ. ಒಂದು ನಳಿಗೆಯಿಂದ ಎರಡು ಈಡು ಬೇಕೆಂದವನು ಪರಿಹರಿಸಬೇಕಾದ ಮುಖ್ಯ ತೊಡಕು ಒಂದೇ: ಮೊದಲನೆಯ ಮದ್ದಿನ ಬೆಂಕಿ ಎರಡನೆಯದಕ್ಕೆ ದಾಟಬಾರದು. ದಾಟಿದರೆ ಕೋವಿಯೇ ಸಿಡಿದು ಹೊಡೆಯುವವನ ಕೈಯನ್ನು ಕೊಂಡೊಯ್ಯುತ್ತದೆ.

ಈ ತೊಡಕಿಗೆ ಹತ್ತೊಂಬತ್ತನೆಯ ಶತಮಾನವು ಕಂಡುಕೊಂಡ ಉತ್ತರ ತೋಟೆ. ತೋಟೆಯ ಬುಡದಲ್ಲಿರುವ ತೆಳುವಾದ ಹಿತ್ತಾಳೆಯ ಬಟ್ಟಲು ಮದ್ದು ಉರಿದ ಕ್ಷಣದಲ್ಲಿ ಅನಿಲದ ಒತ್ತಡದಿಂದ ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ ನುಸುಳಲು ದಾರಿಯಿರುವುದಿಲ್ಲ. ಒತ್ತಡ ಇಳಿದೊಡನೆ ಹಿತ್ತಾಳೆ ತನ್ನ ಸ್ಥಿತಿಸ್ಥಾಪಕತೆಯಿಂದ ಕೊಂಚ ಕುಗ್ಗಿ ಸಡಿಲವಾಗುತ್ತದೆ. ಖಾಲಿ ತೋಟೆಯನ್ನು ಸುಲಭವಾಗಿ ಹೊರಗೆಳೆಯಬಹುದು. ಇಷ್ಟಾದ ಮೇಲೆ ಒಂದೇ ನಳಿಗೆಯಿಂದ ಎರಡಲ್ಲ, ಐದು ಈಡು ಹಾರಿಸುವುದೂ ಕಷ್ಟವಾಗಲಿಲ್ಲ. ಅಮೆರಿಕದಲ್ಲಿ ಜಾನ್ ಬ್ರೌನಿಂಗ್ ರಚಿಸಿದ 1893ರ ಮತ್ತು 1897ರ ವಿಂಚೆಸ್ಟರ್ ಕೋವಿಗಳು ಈ ಬಗೆಯವು. 1950ರಲ್ಲಿ ಬಂದ ರೆಮಿಂಗ್ಟನ್ 870 ಒಂದು ಕೋಟಿಗೂ ಮಿಕ್ಕಿ ತಯಾರಾಯಿತು. ನಮ್ಮ ಆಯುಧ ಕಾರ್ಖಾನೆಗಳೂ 12 ಬೋರಿನ ಪಂಪ್ ಕೋವಿಯನ್ನು ತಯಾರಿಸಿವೆ.

ಪಂಪ್ ಕೋವಿಯ ರಚನೆ ಸರಳ. ನಳಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಮತ್ತೊಂದು ಕೊಳವೆಯಿದ್ದು ಅದರಲ್ಲಿ ತೋಟೆಗಳು ಸಾಲಾಗಿ ಕುಳಿತಿರುತ್ತವೆ. ಎಡಗೈಯ ಹಿಡಿಯನ್ನು ಹಿಂದಕ್ಕೆಳೆದರೆ ಬೀಗ ಬಿಚ್ಚಿ, ಖಾಲಿ ತೋಟೆ ಹೊರಕ್ಕೆ ಹಾರಿ, ಕುದುರೆ ಹಿಂದಕ್ಕೆ ಬಾಗಿ ನಿಲ್ಲುತ್ತದೆ; ಮುಂದಕ್ಕೆ ತಳ್ಳಿದರೆ ಹೊಸ ತೋಟೆ ನಳಿಗೆಯನ್ನು ಸೇರಿ ಬೀಗ ಬೀಳುತ್ತದೆ. ತಾನಾಗಿಯೇ ತುಂಬಿಕೊಳ್ಳುವ ಕೋವಿಗಳಲ್ಲಿ ಇದೇ ಕೆಲಸವನ್ನು ಮದ್ದಿನ ಅನಿಲವೋ ಹಿನ್ನೂಕೋ ಮಾಡುತ್ತದೆ. ಆದುದರಿಂದ ತೋಟೆ ಬಲಹೀನವಾಗಿದ್ದರೆ ಕೀಲುಗಳು ಅರ್ಧದಲ್ಲೇ ನಿಲ್ಲುವುದುಂಟು. ಪಂಪಿನಲ್ಲಿ ಶಕ್ತಿ ಮನುಷ್ಯನ ತೋಳಿನಿಂದ ಬರುತ್ತದೆ. 24 ಗ್ರಾಮಿನ ಹಗುರ ತೋಟೆಯಾಗಲಿ, 36 ಗ್ರಾಮಿನ ಭಾರಿ ತೋಟೆಯಾಗಲಿ ಅದಕ್ಕೆ ಭೇದವಿಲ್ಲ. "ಹಲವು ಕೆಲಸಕ್ಕೆ ಒಂದೇ ಕೋವಿ" ಎಂಬ ಅದರ ಕೀರ್ತಿಗೆ ಇದೇ ಮೂಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಕಬ್ಬಿನ ಗದ್ದೆಗೆ, ರಾಗಿಯ ಹೊಲಕ್ಕೆ ಹಂದಿ ನುಗ್ಗುತ್ತದೆ. ಮಗ ಕಾಲೇಜಿನಲ್ಲಿ ಗುರಿ ಹೊಡೆಯುವ ಆಟ ಕಲಿಯಬೇಕೆನ್ನುತ್ತಾನೆ. ಅಜ್ಜನ ಕಾಲದ ಜೋಡುನಳಿಗೆ ಸವೆದಿದೆ. ಮೂರಕ್ಕೂ ಒಂದೇ ಪಂಪ್ ಕೋವಿ ಆಗದೆ? ಪ್ರಶ್ನೆ ನ್ಯಾಯವಾದುದೇ. 1959ರ ಆಯುಧ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಆಯ್ಕೆಯಲ್ಲಿ ಎಚ್ಚರ ಬೇಕು. ಆದರೆ ಉತ್ತರವನ್ನು ಅಂಗಡಿಯವನಿಗಿಂತ ಮೊದಲು ಭೌತವಿಜ್ಞಾನವನ್ನು ಕೇಳುವುದು ಲೇಸು.

ಮೊದಲು ಬೋರ್ ಎಂಬ ವಿಚಿತ್ರ ಅಳತೆಯನ್ನು ತಿಳಿಯೋಣ. ಒಂದು ಪೌಂಡು, ಎಂದರೆ 453.6 ಗ್ರಾಂ ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರಕಹೊಯ್ದರೆ, ಆ ಒಂದು ಗುಂಡು ಸರಿಯಾಗಿ ಹೊಂದುವ ನಳಿಗೆ 12 ಬೋರಿನದು. ಒಂದು ಗುಂಡಿನ ತೂಕ 37.8 ಗ್ರಾಂ, ಸೀಸದ ಸಾಂದ್ರತೆ 11.34, ಗೋಳದ ಸೂತ್ರದಿಂದ ವ್ಯಾಸ 18.5 ಮಿಲಿಮೀಟರ್ ಎಂದು ಬರುತ್ತದೆ. ಅಸದ್ ಖಾನನ ಕೋವಿಯ 14 ಬೋರಿಗೆ ಇದೇ ಲೆಕ್ಕ ಮಾಡಿದರೆ 17.6. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. ಹಲವು ಬಗೆಯ ತೋಟೆಗಳು ಸಿಕ್ಕುವುದು 12 ಬೋರಿಗೇ ಆದುದರಿಂದ ಈ ಅಂಶದಲ್ಲಿ ಹೆಚ್ಚು ಚರ್ಚೆ ಬೇಡ.

ನಳಿಗೆ ಉದ್ದವಾದಷ್ಟೂ ಚರೆ ದೂರ ಹೋಗುತ್ತದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಿಧಾನವಾಗಿ ಉರಿಯುತ್ತಿದ್ದ ಕರಿಮದ್ದಿನ ಕಾಲಕ್ಕೆ ಅದರಲ್ಲಿ ಸತ್ಯವಿತ್ತು. ಇಂದಿನ ಹೊಗೆರಹಿತ ಮದ್ದು ನಳಿಗೆಯ ಮೊದಲ ಭಾಗದಲ್ಲಿಯೇ ಉರಿದು ಮುಗಿಯುವುದರಿಂದ ಉಳಿದ ಉದ್ದವು ವೇಗಕ್ಕೆ ಕೂಡಿಸುವುದು ಅತ್ಯಲ್ಪ. ಉದ್ದ ನಳಿಗೆಯ ಪ್ರಯೋಜನ ಗುರಿಯನ್ನು ಹಿಂಬಾಲಿಸಿ ಸಲೀಸಾಗಿ ತೂಗುವುದರಲ್ಲಿದೆ.

ನಿಜವಾಗಿ ವ್ಯತ್ಯಾಸವುಂಟುಮಾಡುವುದು ನಳಿಗೆಯ ತುದಿಯಲ್ಲಿರುವ ಚೋಕ್, ಎಂದರೆ ಕೊಂಚ ಬಿಗಿಯಾದ ಕೊರಳು. ಪೂರ್ಣ ಚೋಕಿನಲ್ಲಿ ಈ ಬಿಗಿತ ಸುಮಾರು ಒಂದು ಮಿಲಿಮೀಟರ್ ಮಾತ್ರ. ಪರಿಣಾಮ ಮಾತ್ರ ದೊಡ್ಡದು. 40 ಗಜದ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತದೊಳಗೆ ಪೂರ್ಣ ಚೋಕಿನ ನಳಿಗೆ ತನ್ನ ಚರೆಗಳಲ್ಲಿ ನೂರಕ್ಕೆ 70ರಷ್ಟನ್ನು ಬೀಳಿಸಿದರೆ, ಚೋಕೇ ಇಲ್ಲದ ನಳಿಗೆ ನೂರಕ್ಕೆ 40ರಷ್ಟನ್ನು ಬೀಳಿಸುತ್ತದೆ. ಗುರಿಯಾಟದ 24 ಗ್ರಾಮಿನ ತೋಟೆಯಲ್ಲಿ 2.4 ಮಿಲಿಮೀಟರಿನ ಚರೆಗಳು ಸುಮಾರು 300 ಇರುತ್ತವೆ. ವೃತ್ತದ ವಿಸ್ತೀರ್ಣ ಸುಮಾರು 4,560 ಚದರ ಸೆಂಟಿಮೀಟರ್. ಚರೆಗಳು ಸಮನಾಗಿ ಹರಡಿವೆಯೆಂದು ಭಾವಿಸಿದರೆ, ಪೂರ್ಣ ಚೋಕಿನಲ್ಲಿ 22 ಚದರ ಸೆಂಟಿಮೀಟರಿಗೆ ಒಂದು ಚರೆ. ಚೋಕಿಲ್ಲದಾಗ 38ಕ್ಕೆ ಒಂದು. ಗುರಿಯಾಟದ ಮಣ್ಣಿನ ಬಿಲ್ಲೆಯ ವ್ಯಾಸ 110 ಮಿಲಿಮೀಟರ್. ಅಂಚು ನಮ್ಮ ಕಡೆಗಿದ್ದಾಗ ಕಾಣುವುದು ಸುಮಾರು 28 ಚದರ ಸೆಂಟಿಮೀಟರಿನ ಒಂದು ಗೆರೆ ಮಾತ್ರ. ಮೊದಲನೆಯ ನಳಿಗೆಯಲ್ಲಿ ಬಿಲ್ಲೆಗೆ ಸರಾಸರಿ ಒಂದಕ್ಕಿಂತ ಹೆಚ್ಚು ಚರೆ ತಗಲುತ್ತದೆ. ಎರಡನೆಯದರಲ್ಲಿ ಒಂದಕ್ಕೂ ಕಡಿಮೆ. ಗುರಿ ಸರಿಯಾಗಿದ್ದರೂ ಬಿಲ್ಲೆ ಒಡೆಯದೆ ಹೋಗುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ತಿರುಪಿನಿಂದ ಬದಲಾಯಿಸಬಲ್ಲ ಚೋಕುಗಳುಳ್ಳ ನಳಿಗೆಯನ್ನೇ ಕೊಳ್ಳಬೇಕು. ಒಂದು ಕೋವಿ ಹಲವು ಕೋವಿಯಾಗುವುದು ಈ ಪುಟ್ಟ ಉಂಗುರದಿಂದ.

ಇನ್ನು ಹಿನ್ನೂಕು. 28 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 11.2, ಮದ್ದಿನ ಅನಿಲದ ಪಾಲನ್ನು ಸೇರಿಸಿ 13 ಎನ್ನೋಣ. 3.3 ಕಿಲೋಗ್ರಾಮಿನ ಕೋವಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಿಂದ ಹಿಂದಕ್ಕೆ ಬರುತ್ತದೆ: ಅದೇ ಕೋವಿ 80 ಸೆಂಟಿಮೀಟರ್ ಎತ್ತರದಿಂದ ಬಿದ್ದಾಗ ಪಡೆಯುವ ವೇಗವಿದು. ಕೋವಿ 2.6 ಕಿಲೋಗ್ರಾಂ ಆದರೆ ವೇಗ 5 ಮೀಟರ್. ಎತ್ತರ ಒಂದೂಕಾಲು ಮೀಟರಿಗೂ ಮಿಕ್ಕುತ್ತದೆ. ಹೆಗಲಮೇಲೆ ಹೊತ್ತು ನಡೆಯುವವನಿಗೆ ಹಗುರ ಕೋವಿ ಹಿತ. ಒಂದೊಂದು ಸುತ್ತಿಗೆ 25 ಬಿಲ್ಲೆಯಂತೆ ನಾಲ್ಕೈದು ಸುತ್ತು ಹೊಡೆಯುವವನ ಭುಜ ಸಂಜೆಗೆ ಬೇರೆಯೇ ಅಭಿಪ್ರಾಯ ಕೊಡುತ್ತದೆ.

ಆದರೆ ಗುರಿಯಾಟದ ಅಭಿಲಾಷಿಗಳು ಗಮನಿಸಲೇಬೇಕಾದ ಒಂದು ಮಾತುಂಟು. ಒಲಿಂಪಿಕ್ ಪದ್ಧತಿಯ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಅಂತರರಾಷ್ಟ್ರೀಯ ನಿಯಮವು ಪಂಪ್ ಕೋವಿಗೆ ಎಡೆಗೊಡುವುದಿಲ್ಲ. ಮೇಲೊಂದು ಕೆಳಗೊಂದು ನಳಿಗೆಯಿರುವ ಕೋವಿಯೇ ಅಲ್ಲಿ ರೂಢಿ. ಟ್ರ್ಯಾಪಿನ ಬಿಲ್ಲೆ ಸಿಡಿದು ದೂರವಾಗುವ ವೇಗಕ್ಕೆ ಎರಡನೆಯ ಈಡು ಕೈಯಾಡಿಸದೆ ಒದಗಬೇಕು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡರು ಬೆಳ್ಳಿಯ ಪದಕ ಗೆದ್ದ ಡಬಲ್ ಟ್ರ್ಯಾಪಿನಲ್ಲಂತೂ ಎರಡು ಬಿಲ್ಲೆಗಳು ಒಟ್ಟಿಗೇ ಹಾರುತ್ತಿದ್ದುವು. ಸ್ಪರ್ಧೆಯ ದಾರಿ ಹಿಡಿಯಬೇಕೆಂಬ ಹುಡುಗನಿಗೆ ಪಂಪ್ ಕೋವಿ ಕೊಡಿಸಿದ ತಂದೆ ಎರಡನೆಯ ಬಾರಿ ಹಣ ಹೂಡಬೇಕಾಗುತ್ತದೆ.

ಬೇಟೆಯ ಮಾತಂತೂ ಮುಗಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ತಿದ್ದುಪಡಿಯ ಅನಂತರ ವಿನೋದಕ್ಕಾಗಿ ಕೌಜುಗವನ್ನಾಗಲಿ ಮೊಲವನ್ನಾಗಲಿ ಬಾತನ್ನಾಗಲಿ ಹೊಡೆಯುವಂತಿಲ್ಲ. ಟೀಪೂವಿನ ಕೋವಿಗೆ ಗುರಿಯಾಗುತ್ತಿದ್ದ ಹಕ್ಕಿಗಳ ಸೀಮೆಯಲ್ಲಿಯೇ ಇಂದು ರಂಗನತಿಟ್ಟು ಇದೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಅದು 2022ರಲ್ಲಿ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ತೋಳಗಳ ಆಸರೆಯಾದ ಮೇಲುಕೋಟೆಯ ವನ್ಯಧಾಮ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮಗಳೂ ಇಲ್ಲಿಯೇ ಇವೆ. ಕೆರೆಯ ಕೆಸರಿಗೆ ಬಿದ್ದ ಸೀಸದ ಚರೆಯನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುವುದರಿಂದ, ಬೇಟೆಗೆ ಅವಕಾಶವಿರುವ ಅಮೆರಿಕದಲ್ಲಿಯೂ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸವನ್ನು ನಿಷೇಧಿಸಲಾಗಿದೆ.

ಹಾಗಾದರೆ ಉಳಿಯುವುದು ಬೆಳೆಯ ಕಾವಲು. ಇಲ್ಲಿ ಕೋವಿಗಿಂತ ತೋಟೆಯ ಆಯ್ಕೆ ಮುಖ್ಯ. ಪ್ರಾಣಗಳ ಪ್ರಶ್ನೆಯೂ ಇಲ್ಲಿಯೇ ಇರುವುದು.

ಸೆಕೆಂಡಿಗೆ 400 ಮೀಟರ್ ವೇಗದ ಚರೆಯನ್ನು 45 ಡಿಗ್ರಿ ಕೋನದಲ್ಲಿ ಹಾರಿಸಿದರೆ, ಗಾಳಿಯೇ ಇಲ್ಲದ ಪಕ್ಷದಲ್ಲಿ ಅದು 16 ಕಿಲೋಮೀಟರ್ ದೂರ ಹೋಗಬೇಕು: ಶ್ರೀರಂಗಪಟ್ಟಣದಲ್ಲಿ ಹೊಡೆದದ್ದು ಮೈಸೂರಿನ ಸುತ್ತಮುತ್ತ ಬೀಳಬೇಕು. ಹಾಗಾಗದಂತೆ ಕಾಪಾಡುವುದು ಗಾಳಿ. 2.6 ಮಿಲಿಮೀಟರಿನ 6ನೆಯ ನಂಬರು ಚರೆಯ ಮೇಲೆ ಹೊರಟ ಕ್ಷಣದಲ್ಲಿ ಗಾಳಿಯ ತಡೆ ಅದರ ತೂಕದ ಇನ್ನೂರು ಪಟ್ಟಿಗೂ ಹೆಚ್ಚು. ಈ ತಡೆ ಚರೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು, ಎಂದರೆ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ತೂಕವಾದರೋ ವ್ಯಾಸದ ಘನವನ್ನು ಅನುಸರಿಸುತ್ತದೆ. ಆದುದರಿಂದ ಚರೆ ದಪ್ಪವಾದಷ್ಟೂ ಗಾಳಿಗೆ ಅದರ ಮೇಲಿರುವ ಹಿಡಿತ ಕಡಿಮೆ. ಇದನ್ನು ಫ್ರಾನ್ಸಿನ ಸೇನಾಧಿಕಾರಿ ಜುರ್ನೆಯ ಹೆಸರಿನ ಸುಲಭ ಸೂತ್ರವೊಂದು ಹೇಳುತ್ತದೆ: ಸೀಸದ ಚರೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 80 ಮೀಟರ್ ಗರಿಷ್ಠ ದೂರ. ಬಿಲ್ಲೆ ಹೊಡೆಯುವ 2.4ರ ಚರೆ 190 ಮೀಟರಿನಾಚೆ ಹೋಗಲಾರದು. 6ನೆಯ ನಂಬರಿನದು 210ರ ಒಳಗೆ. ಆದರೆ ಹಂದಿಗೆಂದು ನಮ್ಮವರು ಇಟ್ಟುಕೊಳ್ಳುವ ಎಲ್.ಜಿ. ಚರೆಯ ವ್ಯಾಸ 9.1 ಮಿಲಿಮೀಟರ್. ಅದು ಮುಟ್ಟುವ ದೂರ 730 ಮೀಟರ್!

ನಾಲೆಯ ಬಯಲಿನಲ್ಲಿ ಮುಕ್ಕಾಲು ಕಿಲೋಮೀಟರ್ ಎಂದರೆ ಎಷ್ಟು ಗದ್ದೆ, ಎಷ್ಟು ಬದು, ರಾತ್ರಿ ನೀರು ತಿರುಗಿಸಲು ಹೋದವರು ಎಷ್ಟು ಮಂದಿ ಎಂದು ಎಣಿಸಿ ನೋಡಬೇಕು. ಒಂದು ತೋಟೆಯಲ್ಲಿ ಇಂಥ ಚರೆಗಳು ಏಳೆಂಟು. ಹಂದಿಗೆ ಎರಡು ತಗಲಿದರೂ ಉಳಿದವು ಮುಂದಕ್ಕೆ ಹೋಗುತ್ತವೆ. ಕಬ್ಬಿನ ಸೋಗೆ ಕಣ್ಣನ್ನು ತಡೆಯುತ್ತದೆಯೇ ಹೊರತು ಸೀಸವನ್ನು ತಡೆಯುವುದಿಲ್ಲ. ಅಂಥ ಕತ್ತಲಲ್ಲಿ ಮೇಲಿಂದ ಮೇಲೆ ಐದು ಈಡು ಹಾರಿಸುವ ಸೌಲಭ್ಯ ನನ್ನ ದೃಷ್ಟಿಯಲ್ಲಿ ಅನುಕೂಲವಲ್ಲ, ಅಪಾಯ. ಕಾವಲಿಗೆ ಬಾಗಿ ತೆರೆಯುವ ಒಂಟಿ ಅಥವಾ ಜೋಡುನಳಿಗೆಯೇ ಸಾಕು. ತೆರೆದಿಟ್ಟರೆ ತೋಟೆ ಇದೆಯೋ ಇಲ್ಲವೋ ಎಂಬುದು ಲಾಂದ್ರದ ಬೆಳಕಿನಲ್ಲಿಯೂ ಕಾಣುತ್ತದೆ. ಪಂಪಿನ ಕೊಳವೆಯಲ್ಲಿ ಅಡಗಿದ ತೋಟೆ ಹಾಗೆ ಕಾಣುವುದಿಲ್ಲ.

ಅರಣ್ಯಾಧಿಕಾರಿಯ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವುದು ಅಪರಾಧ. ಬೆದರಿಸಲು ಬೇಕಾದದ್ದು ಸದ್ದು ಮಾತ್ರ, ಅದಕ್ಕೆ ಚರೆಯಿಲ್ಲದ ತೋಟೆ ಸಾಕು. ಅನುಮತಿ ದೊರೆತಿದ್ದರೆ ನೆಲದಮೇಲೆ ನಿಂತು ಹೊಡೆಯಬಾರದು. ಕೋವಿ ನೆಲದಿಂದ ಮೂರೂವರೆ ಮೀಟರ್ ಎತ್ತರದಲ್ಲಿರುವಂತೆ ಅಟ್ಟಣೆಯ ಮೇಲೆ ಕುಳಿತು, 20 ಮೀಟರ್ ದೂರದಲ್ಲಿ ಅರ್ಧ ಮೀಟರ್ ಎತ್ತರದ ಹಂದಿಗೆ ಗುರಿಯಿಟ್ಟರೆ ಚರೆಯ ದಾರಿ 20ಕ್ಕೆ 3ರಂತೆ ಇಳಿಯುತ್ತದೆ. ಗುರಿ ತಪ್ಪಿದ ಚರೆ ಸುಮಾರು 3.3 ಮೀಟರ್ ಮುಂದೆ ಮಣ್ಣನ್ನು ಹೊಕ್ಕುತ್ತದೆ. ಬಂಡೆಯ ನೆಲವೋ ನಿಂತ ನೀರೋ ಆಗಿದ್ದರೆ ಈ ಲೆಕ್ಕ ಹಿಡಿಯದು: ಇಷ್ಟು ಓರೆಯಾಗಿ ತಗಲಿದ ಚರೆ ಪುಟಿದು ಮತ್ತೆ ಹಾರಬಲ್ಲುದು. ಅಟ್ಟಣೆಯನ್ನು ಕಟ್ಟುವ ಮುನ್ನ ಹಗಲಿನಲ್ಲಿ ಒಮ್ಮೆ ಹೋಗಿ ಆ ದಿಕ್ಕಿನ ನೆಲವನ್ನು ನೋಡಿಕೊಂಡು ಬರಬೇಕು.