‘ನಾಟ್ ಓಕೆ’ ಕಂಡಾಗ ಮೊದಲು ಏನು ಓದಬೇಕು

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಸಿದ್ಧ ಪ್ಯಾಕೇಜಿನಿಂದ ಹಾಕಿಕೊಂಡವರಿಗೆ ಪರೀಕ್ಷೆಯ ಗೊಡವೆ ಇಲ್ಲ. ಪ್ಯಾಕೇಜ್ ಕಟ್ಟಿದವರೇ ಅದನ್ನು ಮುಗಿಸಿರುತ್ತಾರೆ. ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಂಡರೆ ಹೊಣೆಯೂ ನಮ್ಮದೇ. ಇಳಕಲ್ಲಿನ ಸೀರೆ ವ್ಯಾಪಾರಿಗಳ ದಾಸ್ತಾನು, ಹುನಗುಂದದ ಕಡೆಯ ಗ್ರಾನೈಟ್ ಲೆಕ್ಕ, ಬಾದಾಮಿಯ ವಸತಿಗೃಹಗಳ ಬುಕಿಂಗ್ ಇರುವ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಬಾಗಲಕೋಟೆಯ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಕೆಲಸ ಕಲಿಸುವುದೂ ಉಂಟು. ಪರೀಕ್ಷೆಗಳನ್ನು ಓಡಿಸುವ ‘ಮೇಕ್ ಚೆಕ್’ ಆಜ್ಞೆ ಕೊಟ್ಟು, ಇನ್ನೂರಕ್ಕೂ ಹೆಚ್ಚು ಪರೀಕ್ಷೆಗಳ ನಡುವೆ ಒಂದು ‘ನಾಟ್ ಓಕೆ’ ಕಂಡರೆ ಕೆಲವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಲು ಕೂರುತ್ತಾರೆ. ಉಳಿದವರು “ಒಂದ ಫೇಲ್ ಆಗೇತ್ರಿ ಸರ್, ನಡೀತೇತಿ” ಎಂದು ಇನ್‌ಸ್ಟಾಲ್‌ಗೆ ಕೈಹಾಕುತ್ತಾರೆ. ಎರಡೂ ಬೇಡ ಎಂದು ಹೇಳಲು ಈ ಬರಹ.

1. ಡಿಫ್ ತೆರೆಯದೆ ತೀರ್ಪು ಕೊಡಬೇಡಿ

ಇಲ್ಲಿ ಪರೀಕ್ಷೆ ಎಂದರೆ ಒಂದು ಎಸ್‌ಕ್ಯೂಎಲ್ ಕಡತ. ಅದನ್ನು ಓಡಿಸಿ ಬಂದ ಉತ್ತರವನ್ನು ‘ಎಕ್ಸ್‌ಪೆಕ್ಟೆಡ್’ ಫೋಲ್ಡರಿನಲ್ಲಿ ಮೊದಲೇ ಬರೆದಿಟ್ಟ ಪಠ್ಯದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಒಂದಕ್ಷರ ಬೇರೆಯಾದರೂ ಫೇಲು. ಹಾಗಾಗಿ ‘ನಾಟ್ ಓಕೆ’ ಎಂದರೆ ಡೇಟಾಬೇಸ್ ಕೆಟ್ಟಿದೆ ಎಂದೇ ಆಗಬೇಕಿಲ್ಲ. ಎರಡು ಪಠ್ಯಗಳು ಹೊಂದಲಿಲ್ಲ ಎಂದಷ್ಟೇ. ಯಾಕೆ ಹೊಂದಲಿಲ್ಲ ಎಂಬುದು ‘ರಿಗ್ರೆಶನ್ ಡಿಫ್ಸ್’ ಎಂಬ ಕಡತದಲ್ಲಿದೆ. ಮೈನಸ್ ಸಾಲು ಅವರು ಬಯಸಿದ್ದು, ಪ್ಲಸ್ ಸಾಲು ನಮ್ಮ ಯಂತ್ರ ಕೊಟ್ಟದ್ದು.

ಸಾಲುಗಳೆಲ್ಲ ಇದ್ದು ಕ್ರಮ ಮಾತ್ರ ಬದಲಾಗಿದ್ದರೆ, ಆ ಪ್ರಶ್ನೆಯಲ್ಲಿ ‘ಆರ್ಡರ್ ಬೈ’ ಇದೆಯೇ ನೋಡಿ. ಇಲ್ಲದಿದ್ದರೆ ಯಾವ ಕ್ರಮದಲ್ಲಿ ಬಂದರೂ ತಪ್ಪಲ್ಲ. ದಶಮಾಂಶದ ಕೊನೆಯ ಅಂಕಿ ಬೇರೆಯಾಗಿದ್ದರೆ ಪ್ರೊಸೆಸರ್, ಕಂಪೈಲರ್ ಕಡೆ ನೋಡಿ. ಮೊತ್ತವೇ ಬೇರೆ ಬಂದಿದ್ದರೆ, ಇಲ್ಲವೇ ಅರ್ಧಕ್ಕೇ ‘ಕನೆಕ್ಷನ್ ಲಾಸ್ಟ್’ ಎಂದು ನಿಂತಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ. ಅದು ಸಣ್ಣ ಮಾತಲ್ಲ.

2. ಹತ್ತಾರು ಫೇಲು, ಕಾರಣ ಒಂದೇ

ಪರೀಕ್ಷೆಗಳು ಗುಂಪಾಗಿ, ಒಮ್ಮೆಗೆ ಇಪ್ಪತ್ತರವರೆಗೆ ಓಡುತ್ತವೆ. ಪ್ರತಿ ಪರೀಕ್ಷೆಗೆ ಒಂದು ಸರ್ವರ್ ಪ್ರೊಸೆಸ್, ಅದಕ್ಕೆ ಪ್ರಶ್ನೆ ಕಳಿಸುವ ಒಂದು ಪಿಎಸ್‌ಕ್ಯೂಎಲ್, ಅಂದರೆ ಒಟ್ಟು ನಲವತ್ತು. ಕಡಿಮೆ ರ‍್ಯಾಮಿನ ಹಳೆಯ ಲ್ಯಾಬ್ ಯಂತ್ರಕ್ಕೆ ಇದು ಭಾರ. ಒಂದು ಸರ್ವರ್ ಪ್ರೊಸೆಸ್ ಸತ್ತರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಮಾಸ್ಟರ್ ಎಂಬ ಮುಖ್ಯ ಪ್ರೊಸೆಸ್ ಉಳಿದವನ್ನೂ ಮುಗಿಸಿಬಿಡುತ್ತದೆ. ಆಗ ಯಾವ ತಪ್ಪೂ ಇಲ್ಲದ ಪರೀಕ್ಷೆಗಳೂ ಸಾಲಾಗಿ ಫೇಲಾಗುತ್ತವೆ.

ಇಂಥಲ್ಲಿ ಡಿಫ್‌ಗಿಂತ ಮೊದಲು ‘ಪೋಸ್ಟ್‌ಮಾಸ್ಟರ್ ಲಾಗ್’ ತೆರೆಯಿರಿ. ಮೊದಲು ಸತ್ತದ್ದು ಯಾವುದು ಹುಡುಕಿ. ‘ಸಿಗ್ನಲ್ 9’ ಎಂದಿದ್ದರೆ ಹೊರಗಿನವರು ಕೊಂದದ್ದು, ಹೆಚ್ಚಾಗಿ ಮೆಮೊರಿ ಸಾಲದೆ ಲಿನಕ್ಸ್ ಕೊಂದದ್ದು. ‘ಮ್ಯಾಕ್ಸ್ ಕನೆಕ್ಷನ್ಸ್’ ಅನ್ನು 10ಕ್ಕೆ ಇಳಿಸಿ ಮತ್ತೆ ಓಡಿಸಿ ನೋಡಿ. ‘ಸಿಗ್ನಲ್ 11’ ಎಂದಿದ್ದರೆ ಪ್ರೋಗ್ರಾಮೇ ದಾರಿ ತಪ್ಪಿದೆ. ಬೇಕೆಂದೇ ತನ್ನನ್ನು ತಾನೇ ಕರೆಯುತ್ತ ಹೋಗುವ ‘ಇನ್ಫೈನೈಟ್ ರಿಕರ್ಸ್’ ಪರೀಕ್ಷೆಯಲ್ಲಿ ಹೀಗಾದರೆ, ‘ಮ್ಯಾಕ್ಸ್ ಸ್ಟ್ಯಾಕ್ ಡೆಪ್ತ್’ ಬೆಲೆ ಆಪರೇಟಿಂಗ್ ಸಿಸ್ಟಂ ನಿಜವಾಗಿ ಕೊಡುವ ಸ್ಟ್ಯಾಕ್‌ಗಿಂತ ಹೆಚ್ಚಿದೆಯೇ ನೋಡಿ.

3. ಯಾವ ಸರ್ವರ್ ಉತ್ತರ ಕೊಡುತ್ತಿದೆ?

‘ಮೇಕ್ ಚೆಕ್’ ತಾತ್ಕಾಲಿಕ ಸರ್ವರ್ ಎಬ್ಬಿಸಿ ಪರೀಕ್ಷಿಸುತ್ತದೆ. ‘ಇನ್‌ಸ್ಟಾಲ್‌ಚೆಕ್’ ಆಗಲೇ ಓಡುತ್ತಿರುವ ಸರ್ವರನ್ನು ಕೇಳುತ್ತದೆ. 5432ನೇ ಪೋರ್ಟಿನಲ್ಲಿ ಪ್ಯಾಕೇಜಿನ ಹಳೆಯ ಆವೃತ್ತಿ ಕೂತಿದ್ದರೆ, ಹೊಸ ಪ್ರಶ್ನೆಪತ್ರಿಕೆಗೆ ಅದು ಉತ್ತರ ಕೊಡುತ್ತಿರುತ್ತದೆ. ಮೊದಲು ‘ಸೆಲೆಕ್ಟ್ ವರ್ಷನ್’ ಕೇಳಿ.

4. ಪ್ರತಿ ಸಲ ಬೇರೆ ಬೇರೆ ಪರೀಕ್ಷೆ ಫೇಲಾದರೆ

ಅದೇ ಕೋಡ್, ಅದೇ ಆಜ್ಞೆ. ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು. ಜೊತೆಗೆ ಕಂಪೈಲರೇ ನಡುವೆ ಸತ್ತಿದ್ದರೆ ರ‍್ಯಾಮ್ ಪರೀಕ್ಷಿಸಿ. ಬಾಗಲಕೋಟೆಯ ಮೇ ತಿಂಗಳ ಬಿಸಿಲಿಗೆ, ಫ್ಯಾನಿನಲ್ಲಿ ಧೂಳು ಕಟ್ಟಿದ ಪೆಟ್ಟಿಗೆ ಮಧ್ಯಾಹ್ನ ಒಂದು ತರಹ, ಬೆಳಿಗ್ಗೆ ಒಂದು ತರಹ ನಡೆದುಕೊಳ್ಳುತ್ತದೆ.

5. ಗಡಿಯಾರದ ಪಟ್ಟಿಯೂ ಹಳತಾಗುತ್ತದೆ

2024ರವರೆಗೆ ಈ ಪರೀಕ್ಷೆಗಳು ‘ಪಿಎಸ್‌ಟಿ8ಪಿಡಿಟಿ’ ಎಂಬ ಕಾಲವಲಯ ಬಳಸುತ್ತಿದ್ದವು. ಆ ವರ್ಷದ ಕಾಲವಲಯ ಪಟ್ಟಿ ‘ಟಿಝಡ್‌ಡೇಟಾ 2024ಬಿ’ ಆ ಹೆಸರನ್ನು ಲಾಸ್ ಏಂಜಲೀಸ್ ವಲಯಕ್ಕೆ ಜೋಡಿಸಿತು. ಹಳೆಯ ತಾರೀಖುಗಳ ಉತ್ತರ ಬದಲಾಯಿತು. ಹಳೆಯ ಕೋಡನ್ನು ಸಿಸ್ಟಂನ ಹೊಸ ಕಾಲವಲಯ ಪಟ್ಟಿಯೊಂದಿಗೆ ಕಟ್ಟಿದರೆ ತಾರೀಖಿನ ಪರೀಕ್ಷೆಗಳು ಫೇಲಾಗುವುದು ಇದರಿಂದಲೇ ಇರಬಹುದು. ಹೊಸ ಮೈನರ್ ಆವೃತ್ತಿ ತಂದರೆ ಸಾಕು. ನಮ್ಮ ಕೋಲ್ಕತ ವಲಯಕ್ಕೂ ಇಂಥ ತಿರುವುಂಟು: ಯುದ್ಧಕಾಲದ 1943ರ ಯಾವುದೇ ಸಮಯ ಕೇಳಿ, ಐದೂವರೆಯ ಬದಲು ಆರೂವರೆ ಗಂಟೆಯ ಅಂತರ ತೋರಿಸುತ್ತದೆ. ಅದು ದೋಷವಲ್ಲ, ಇತಿಹಾಸ.

6. ‘ಓಕೆ’ಯನ್ನೂ ಓದಿ

ಕನ್ನಡದಲ್ಲಿ ದತ್ತಾಂಶ ಇಡುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ವಿಂಗಡಣೆಯ ಕ್ರಮದಿಂದ ಫೇಲು ಬಂದಾಗ ಲೊಕೇಲ್, ಅಂದರೆ ಭಾಷೆ-ದೇಶದ ಸೆಟ್ಟಿಂಗ್, ಬಿಟ್ಟು ‘ನೋ ಲೊಕೇಲ್’ ಹಾಕಿ ಓಡಿಸಿ ನೋಡುವುದು ರೂಢಿ. ಎಲ್ಲ ಪಾಸಾದರೆ ಕಾರಣ ಲೊಕೇಲ್ ಎಂದು ಗೊತ್ತಾಗುತ್ತದೆ. ಅಲ್ಲಿಗೇ ನಿಲ್ಲಬಾರದು. ಕೆಲವು ಪರೀಕ್ಷೆಗಳಿಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರುತ್ತವೆ. ‘ಕೊಲೇಟ್ ಐಸಿಯು ಯುಟಿಎಫ್8’ ಎಂಬ ಪರೀಕ್ಷೆ, ‘ನೋ ಲೊಕೇಲ್’ ಹಾಕಿದಾಗ ಆಗುವಂತೆ ಡೇಟಾಬೇಸಿನ ಎನ್‌ಕೋಡಿಂಗ್ ಯುಟಿಎಫ್8 ಅಲ್ಲದಿದ್ದರೆ ಮೊದಲ ಸಾಲುಗಳಲ್ಲೇ ಹೊರಬೀಳುತ್ತದೆ. ಹಾಗೆ ಹೊರಬಿದ್ದದ್ದಕ್ಕೂ ಒಂದು ಸರಿಯುತ್ತರದ ಕಡತ ಇರುವುದರಿಂದ ಪರದೆಯ ಮೇಲೆ ‘ಓಕೆ’ ಬರುತ್ತದೆ. ಪರೀಕ್ಷೆ ನಡೆದೇ ಇಲ್ಲ, ಆದರೂ ಪಾಸು. ಆದ್ದರಿಂದ ‘ರಿಸಲ್ಟ್ಸ್’ ಫೋಲ್ಡರಿನಲ್ಲಿ ಆ ಕಡತ ಎಷ್ಟುದ್ದ ಇದೆ ನೋಡಿ. ಹತ್ತಿಪ್ಪತ್ತು ಸಾಲಿದ್ದರೆ ಅದು ಓಡಿಲ್ಲ.

ಓಡಿದರೂ ಅದು ನೋಡುವುದು ಸ್ವೀಡಿಷ್, ಟರ್ಕಿಶ್, ಜರ್ಮನ್ ಪದಗಳನ್ನು. ನಮ್ಮ ವರ್ಣಮಾಲೆಯನ್ನು ಪರೀಕ್ಷಿಸಬೇಕಾದವರು ನಾವೇ. ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಆದ ಕೂಡಲೇ; ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಹ ಆದ ಮೇಲೆ. ಸೀರೆಯ ಬಣ್ಣಗಳನ್ನು ಯೂನಿಕೋಡ್ ಪಟ್ಟಿಯ ಕ್ರಮವನ್ನೇ ಹಿಡಿಯುವ ‘ಸಿ’ ಲೊಕೇಲಿನಲ್ಲಿ ವಿಂಗಡಿಸಿದರೆ ಹಳದಿ ಮೊದಲು, ಹಸಿರು ಆಮೇಲೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಶನ್ (ವಿಂಗಡಣೆಯ ನಿಯಮ) ‘ಕೆಎನ್’ ಕೊಟ್ಟರೆ ಹಸಿರು ಮೊದಲು. ಊರುಗಳ ಪಟ್ಟಿಯಲ್ಲಿ ಇಳಕಲ್ಲಿಗೂ ಇದೇ ಗತಿ: ಇಸ್ಲಾಂಪುರದ ಮುಂದೆಯೋ ಹಿಂದೆಯೋ ಎಂಬುದು ಕೊಲೇಶನ್ ನಿರ್ಧರಿಸುತ್ತದೆ. ದಾಸ್ತಾನು ಪುಸ್ತಕ ಓದಿ ರೂಢಿಯಾದ ಅಂಗಡಿಯವರು ಹಳದಿಯನ್ನು ಪಟ್ಟಿಯ ತುದಿಯಲ್ಲಿ ಹುಡುಕುತ್ತಾರೆ. ಅಲ್ಲಿ ಕಾಣದಿದ್ದರೆ ಮಾಲು ಇಲ್ಲ ಎಂದೇ ಗಿರಾಕಿಗೆ ಹೇಳಿ ಕಳಿಸುತ್ತಾರೆ.

7. ನಿಮ್ಮ ಪರೀಕ್ಷೆ ನೀವೇ ಬರೆದಿಡಿ

2018ರ ಆಗಸ್ಟಿನಲ್ಲಿ ಬಂದ, ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28 ಎಷ್ಟೋ ಭಾಷೆಗಳ ವಿಂಗಡಣೆ ಕ್ರಮವನ್ನು ಬದಲಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ಇರುವ ಸಾಲೂ ಸಿಗದೆ ಹೋಗಬಹುದು. ಖಾಲಿ ಡೇಟಾಬೇಸಿನ ಮೇಲೆ ನಡೆಯುವ ‘ಮೇಕ್ ಚೆಕ್’ಗೆ ಇದು ಕಾಣುವುದೇ ಇಲ್ಲ. ಅದಕ್ಕೇ ಆಪರೇಟಿಂಗ್ ಸಿಸ್ಟಂ ಬದಲಿಸಿದ ದಿನ ಪಠ್ಯದ ಇಂಡೆಕ್ಸ್‌ಗಳನ್ನು ‘ರೀಇಂಡೆಕ್ಸ್’ ಮಾಡಿಯೇ ಅಂಗಡಿಗೆ ಸರ್ವರ್ ಬಿಟ್ಟುಕೊಡುತ್ತೇನೆ.

ಪೋಸ್ಟ್‌ಗ್ರೆಸ್ ಬಳಸುವ ‘ಪಿಜಿ ರಿಗ್ರೆಸ್’ ಸಾಧನ ನಮ್ಮ ಕಡತಗಳನ್ನೂ ಓಡಿಸುತ್ತದೆ. ‘ಎಸ್‌ಕ್ಯೂಎಲ್’ ಫೋಲ್ಡರಿನಲ್ಲಿ ಪ್ರಶ್ನೆ, ‘ಎಕ್ಸ್‌ಪೆಕ್ಟೆಡ್’ ಫೋಲ್ಡರಿನಲ್ಲಿ ಉತ್ತರ. ನನ್ನ ಕಡತದಲ್ಲಿ ಗಾಯತ್ರಿ, ಗೋಮಿ, ಚಿಕ್ಕಿ ದಡಿಗಳ ಹೆಸರು, ಸೀರೆಯ ಬಣ್ಣಗಳು, ಈ ಸುತ್ತಿನ ಊರುಗಳು ಇವೆ. ಸರಿಯುತ್ತರದ ಕ್ರಮವನ್ನು ಯಂತ್ರದಿಂದ ನಕಲು ಮಾಡಿಕೊಂಡಿಲ್ಲ. ಇಳಕಲ್ಲಿನ ಅಂಗಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದ ಹಿರಿಯರೊಬ್ಬರ ಮುಂದೆ ಹಾಳೆ ಇಟ್ಟು, ಅವರು ಹೇಳಿದಂತೆ ಬರೆದುಕೊಂಡಿದ್ದೇನೆ. ಹೊಸದಾಗಿ ಕಟ್ಟಿದ ಸರ್ವರ್ ಮೊದಲು ಆ ಹಾಳೆಗೆ ಹೊಂದಬೇಕು. ಗಿರಾಕಿಗಳ ದತ್ತಾಂಶ ಆ ಸರ್ವರಿಗೆ ಸೇರುವುದು ಆಮೇಲೆ.